ವಾರದ ಕಂತು, ವರ್ಷದ ಸುಗ್ಗಿ

(ಶಿಕಾರಿಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಮೊದಲು ಈ ಸಭೆಯ ಲೆಕ್ಕ ಒಪ್ಪಿಸಿಬಿಡುತ್ತೇನೆ. ದತ್ತಿ ಎಂದರೆ ಇವತ್ತಿನ ಮಾತಿನಲ್ಲಿ ಠೇವಣಿ. ಹಿರಿಯರೊಬ್ಬರು ಒಂದು ಗಂಟನ್ನು ಬ್ಯಾಂಕಿನಲ್ಲಿಟ್ಟರು. ಅಸಲನ್ನು ಯಾರೂ ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ. ನನ್ನ ಹೆಗಲ ಮೇಲಿನ ಶಾಲು, ನೀವು ಕುಡಿದ ಚಹಾ, ಮೈಕಿನವನ ಬಾಡಿಗೆ, ಎಲ್ಲವೂ ಬಡ್ಡಿಯ ದುಡ್ಡು. ಹಾಗಾಗಿ ಬಡ್ಡಿಯನ್ನು ಬೈಯುವ ಅಧಿಕಾರ ಇವತ್ತು ನನಗಿಲ್ಲ. ನಮ್ಮ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವೂ ದತ್ತಿಗಳ ಮೇಲೆಯೇ ನಡೆದದ್ದು. ಕುಂಟರಿಗೆ, ಕುರುಡರಿಗೆ, ದಿಕ್ಕಿಲ್ಲದವರಿಗೆ ಅನ್ನ ಇಕ್ಕುವ ಜಾಗ, ಕಾಯಿಲೆಯವರಿಗೆ ಮದ್ದು ಕೊಡುವ ಜಾಗ ಎಂದು 1162ರ ಶಾಸನ ಅದನ್ನು ಹೊಗಳುತ್ತದೆ. ಕೂಡಿಟ್ಟ ಸಂಪತ್ತು ಊರಿನ ಕಷ್ಟಕ್ಕೆ ಒದಗಬೇಕು ಅನ್ನುವುದು ಈ ನೆಲಕ್ಕೆ ಹೊಸ ಮಾತೇನೂ ಅಲ್ಲ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಸೊರಬ ತಾಲ್ಲೂಕಿನ ಒಂದು ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ, ಜನರ ಬಾಯಲ್ಲಿ ಸೊಸೈಟಿ, ಮೂವತ್ತೊಂದು ವರ್ಷ ಕೂತವನು. ಮೊದಲು ಗುಮಾಸ್ತ, ಆಮೇಲೆ ಕಾರ್ಯದರ್ಶಿ. ಸಾಲ ಕೇಳುವವರ ಮುಖವನ್ನು ಕಿಟಕಿಯ ಈಚೆಯಿಂದ ನೋಡಿದ ಅನುಭವ ನನ್ನದು. ನಿವೃತ್ತನಾದ ಮೇಲೆ ಕಿಟಕಿಯ ಆಚೆಗೆ ಹೋಗಿ ನಿಂತೆ. ಇವತ್ತು ಹೇಳುವುದೆಲ್ಲ ಆಚೆ ನಿಂತಾಗ ಕಂಡದ್ದು.

ಸಾಲದ ಮಾತು ಬಂದ ಕೂಡಲೇ ವೇದಿಕೆಯ ಮೇಲಿದ್ದವರಿಗೆ ಒಂದು ಗಾದೆ ನೆನಪಾಗುತ್ತದೆ, ಹಾಸಿಗೆ ಇದ್ದಷ್ಟು ಕಾಲು ಚಾಚು. ನೆರೆಯ ಹಿರೇಕೆರೂರು ಸೀಮೆಯವನೆಂದು ಹೇಳುವ ಸರ್ವಜ್ಞನೂ ಸಾಲದ ಬಗ್ಗೆ ಹೇಳಿದ್ದಾನೆ. ಅದು ನಿಮಗೆಲ್ಲ ಬಾಯಿಪಾಠ, ನಾನು ಹೇಳುವುದಿಲ್ಲ. ಈ ಗಾದೆಯ ಮೇಲೆ ನನ್ನ ತಕರಾರು ಒಂದೇ. ಸಂಬಳದವನ ಹಾಸಿಗೆ ಹನ್ನೆರಡು ತಿಂಗಳೂ ಒಂದೇ ಉದ್ದ. ಕೂಲಿಯವರ ಹಾಸಿಗೆ ಮಾಘದಲ್ಲಿ ಆರಡಿ, ಆಷಾಢದಲ್ಲಿ ಎರಡಡಿ. ಯಾವ ತಿಂಗಳು ಅಳೆದು ಕಾಲು ಚಾಚಬೇಕು?

ಒಂದು ಮನೆಯ ಲೆಕ್ಕ ಹೇಳುತ್ತೇನೆ. ಇದು ಒಬ್ಬರ ಮನೆಯಲ್ಲ, ನಾಲ್ಕೈದು ಮನೆ ಸೇರಿಸಿದ್ದೇನೆ. ಗಂಡ ಹೆಂಡತಿ ಇಬ್ಬರಿಗೂ ಕೂಲಿ. ಒಂದು ಎಕರೆ ಚಿಲ್ಲರೆ ಬಗರ್ ಹುಕುಂ ಜಮೀನು, ಜೋಳ ಹಾಕುತ್ತಾರೆ. ಪಹಣಿ ಆಗಿಲ್ಲ. ಸಕ್ರಮಕ್ಕೆ ಅರ್ಜಿ ಎಂದು ನಮೂನೆ 53 ಕೊಟ್ಟದ್ದು ಮಾವ, ನಮೂನೆ 57 ಕೊಟ್ಟದ್ದು ಮಗ. ಅಡಿಕೆ ಕೊಯ್ಲು, ಸುಲಿತ, ಶುಂಠಿ ಕೀಳುವುದು ಒಟ್ಟಿಗೆ ಬರುವ ಚಳಿಗಾಲದಲ್ಲಿ ಇಬ್ಬರದೂ ಸೇರಿ ತಿಂಗಳಿಗೆ ಹದಿನೆಂಟು ಸಾವಿರ ಬಂದದ್ದುಂಟು. ಹೆಂಗಸರು ರಾತ್ರಿ ಹನ್ನೊಂದರವರೆಗೆ ದೀಪದಡಿ ಕೂತು ಅಡಿಕೆ ಸುಲಿಯುತ್ತಾರೆ, ಮೆಟ್ಟುಗತ್ತಿಯ ಮುಂದೆ. ಆರಿದ್ರಾ ಮಳೆ ಹಿಡಿದ ಮೇಲೆ ಏಳು ಸಾವಿರವೂ ಕಷ್ಟ. ನಟ್ಟಿ ಶುರುವಾದರೆ ನಾಲ್ಕು ದಿನ ಕೆಲಸ, ಮತ್ತೆ ಮನೆ. ವರ್ಷದ ಸರಾಸರಿ ತೆಗೆದರೆ ತಿಂಗಳಿಗೆ ಹನ್ನೆರಡು ಸಾವಿರ ಅನ್ನೋಣ.

ಆ ಮನೆಯ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು. ಸೋಮವಾರಗಳಿಗೆ ಕೆಂಪು ಪೆನ್ನಿನ ಸುತ್ತು, ಮಂಗಳವಾರಕ್ಕೆ ನೀಲಿ, ಗುರುವಾರಕ್ಕೆ ಪೆನ್ಸಿಲ್. ಮೂರೂ ಮೈಕ್ರೋ ಫೈನಾನ್ಸಿನವರ ಸಾಲ. ಸೋಮವಾರದ ಕಂತು 650, ಮಂಗಳವಾರದ್ದು 820, ಗುರುವಾರದ್ದು 1,150. ವಾರಕ್ಕೆ 2,620. ನಾಲ್ಕು ವಾರಕ್ಕೆ 10,480. ಇದಲ್ಲದೆ ಕಿರಾಣಿ ಅಂಗಡಿಯ ಉದ್ರಿ, ಬ್ಯಾಂಕಿನಲ್ಲಿ ಅಡವಿಟ್ಟ ಓಲೆಯ ಬಡ್ಡಿ, ಗಂಡ ಯಾರಿಗೂ ಹೇಳದೆ ತಂದ ಕೈಗಡ. ನಾನು ಎಲ್ಲವನ್ನೂ ಕೂಡಿ ಹೇಳಿದಾಗ ಆ ತಾಯಿ ಗಾಬರಿಯಾಗಲಿಲ್ಲ. ಗೊತ್ತಿದ್ದದ್ದೇ. ಆಕೆ ಹೇಳಿದ್ದು ಇಷ್ಟು: "ಸೆಕ್ರೆಟ್ರಣ್ಣ, ದುಡ್ಡು ದೊಡ್ದಲ್ಲ. ಸುಗ್ಗೀಲಿ ಒಂದೇ ಸಲ ಕೇಳಿದ್ರೆ ಕಟ್ತಿದ್ದೆ. ಮಳೆಗಾಲ ಅಂತ ಮಂಗಳವಾರ ನಿಲ್ತದಾ?"

ಇವತ್ತಿನ ನನ್ನ ಉಪನ್ಯಾಸ ಈ ಪ್ರಶ್ನೆಯ ಸುತ್ತ ಮಾತ್ರ.

ಸೊಸೈಟಿಯಲ್ಲಿ ನಾವು ಬೆಳೆಸಾಲ ಕೊಡುತ್ತೇವೆ. ಅದರ ವಾಯಿದೆ ಬೆಳೆಯನ್ನು ನೋಡಿಕೊಂಡು ಬರುತ್ತದೆ. ಭತ್ತಕ್ಕೊಂದು ತಾರೀಖು, ಅಡಿಕೆಗೊಂದು ತಾರೀಖು. ಬೆಳೆದವನ ಕೈಗೆ ದುಡ್ಡು ಬಂದ ಮೇಲೆ ಕಟ್ಟಲಿ ಎನ್ನುವ ವಿವೇಕ ಅದರಲ್ಲಿದೆ. ಸಕಾಲಕ್ಕೆ ಕಟ್ಟಿದರೆ ಬಡ್ಡಿ ಸೊನ್ನೆ. ಮೊದಲು ಮೂರು ಲಕ್ಷದವರೆಗೆ ಇದ್ದ ಈ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ ಐದು ಲಕ್ಷಕ್ಕೆ ಏರಿಸಿತು. ಸಂತೋಷ. ಆದರೆ ಅದೇ ಅಡಿಕೆಯ ಕೊನೆ ಇಳಿಸಿದವನು, ಅದೇ ಅಡಿಕೆ ಸುಲಿದವಳು, ಅದೇ ಶುಂಠಿ ಕಿತ್ತು ತೊಳೆದವರು? ಅವರ ಬದುಕೂ ಅದೇ ಫಸಲಿನ ಮೇಲೆ ನಿಂತಿದೆ. ಫಸಲಿನ ವಾಯಿದೆ ತೋಟದ ಯಜಮಾನನಿಗೆ ಸಿಕ್ಕಿತು, ಕೂಲಿಗೆ ಮಂಗಳವಾರ ಸಿಕ್ಕಿತು. ಪಹಣಿ ಇದ್ದವರಿಗೆ ಸೊನ್ನೆ ಬಡ್ಡಿ, ಪಹಣಿ ಇಲ್ಲದವರಿಗೆ ಫೈನಾನ್ಸಿನ ನೂರಕ್ಕೆ ಇಪ್ಪತ್ತನಾಲ್ಕು. ಮೂವತ್ತೊಂದು ವರ್ಷ ನಾನೇ ಈ ಏರ್ಪಾಡಿನ ಕಿಟಕಿಯಲ್ಲಿ ಕೂತಿದ್ದೆ, ಒಂದು ದಿನವೂ ಇದು ವಿಚಿತ್ರ ಅನ್ನಿಸಿರಲಿಲ್ಲ. ರೂಢಿ ಎಂಥ ಕುರುಡು ನೋಡಿ.

ಇದರ ಬೇರು ಹಿಂದಕ್ಕೆ ಹೋಗುತ್ತದೆ. 1951ರ ಕಾಗೋಡು ಸತ್ಯಾಗ್ರಹ ಪಕ್ಕದ ಸಾಗರ ತಾಲ್ಲೂಕಿನದು, ಅದರ ಬಿಸಿ ಸೊರಬಕ್ಕೂ ತಾಗಿತ್ತು. ಆಮೇಲೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುತ್ತಿದ್ದ ಗೇಣಿದಾರ ಒಡೆಯನಾದ. ಪಹಣಿಯಲ್ಲಿ ಹೆಸರು ಬಂದದ್ದರಿಂದ ಅನ್ನ ಸಿಕ್ಕಿತು ಎಂದು ಎಲ್ಲರೂ ಹೇಳುತ್ತಾರೆ, ಸಾಲ ಸಿಕ್ಕಿತು ಎನ್ನುವುದನ್ನು ಯಾರೂ ಹೇಳುವುದಿಲ್ಲ. ಹೆಸರು ಬಂದವರು ಸೊಸೈಟಿಯ ಸದಸ್ಯರಾದರು, ಷೇರು ಹಾಕಿದರು, ಬೆಳೆಸಾಲ ಪಡೆದರು. ಗೇಣಿಯೂ ಇಲ್ಲದೆ ಬರೀ ಆಳಾಗಿದ್ದವರಿಗೆ ಒಡೆತನ ಬರಲಿಲ್ಲ, ಸಾಲದ ಬಾಗಿಲೂ ತೆರೆಯಲಿಲ್ಲ. ಇವತ್ತು ವಾರದ ಕಂತಿಗೆ ಸಾಲು ನಿಲ್ಲುವವರಲ್ಲಿ ಅವರ ಮಕ್ಕಳು, ಮೊಮ್ಮಕ್ಕಳೇ ಹೆಚ್ಚು. 1976ರಲ್ಲಿ ಬಂದ ಋಣಪರಿಹಾರ ಕಾಯ್ದೆ ಇಂಥವರ ಖಾಸಗಿ ಸಾಲವನ್ನು ಕಳೆಯಿತು. ಜೀತ ಪದ್ಧತಿಯನ್ನು ತೆಗೆದ ಕೇಂದ್ರದ ಕಾಯ್ದೆಯೂ ಅದೇ ವರ್ಷದ್ದು. ನನ್ನ ಅಪ್ಪ ಹೇಳುತ್ತಿದ್ದ ಮಾತು: ಸಾಲ ಹರಿದ ದಿನ ಊರಲ್ಲಿ ಹಬ್ಬ, ಮುಂದಿನ ಜ್ಯೇಷ್ಠದಲ್ಲಿ ಬೀಜದ ಭತ್ತ ಕೇಳಲು ಹೋದವರಿಗೆ ಸಾಹುಕಾರ ಬಾಗಿಲು ತೆಗೆಯಲಿಲ್ಲ. ಹಳೆ ಸಾಲವನ್ನು ಸರ್ಕಾರ ಹರಿಯಬಹುದು, ಹೊಸ ಸಾಲ ಬೇಕಾಗುವ ಜ್ಯೇಷ್ಠ ಮಾಸವನ್ನು ಹರಿಯಲಾಗದು. 2018ರ ಋಣಪರಿಹಾರ ಕಾಯ್ದೆ 2019ರ ಜುಲೈನಲ್ಲಿ ಜಾರಿಗೆ ಬಂದಾಗಲೂ ನನಗೆ ಅಪ್ಪನ ಮಾತೇ ನೆನಪಾಯಿತು.

ಇನ್ನು ಒಂದು ಪದದ ಗೊಂದಲ ಬಿಡಿಸಬೇಕು, ಅದು ಸಂಘ. ನಮ್ಮಲ್ಲಿ "ಇವತ್ತು ಸಂಘ ಇದೆ" ಅಂದರೆ ಎರಡು ಅರ್ಥ. ಒಂದು, ಹೆಂಗಸರೇ ಸೇರಿ ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಉಳಿಸಿ, ಅದೇ ದುಡ್ಡನ್ನು ತಮ್ಮೊಳಗೆ ಸಾಲ ಕೊಟ್ಟುಕೊಂಡು, ಬ್ಯಾಂಕಿನ ನೆರವನ್ನೂ ಪಡೆಯುವ ಸ್ವಸಹಾಯ ಸಂಘ. ಇದು ಮೊಳೆತದ್ದೇ ಕರ್ನಾಟಕದಲ್ಲಿ. ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಕೋಲಾರದ ಕಡೆ ಕಟ್ಟಿದ ಗುಂಪುಗಳನ್ನು ನೋಡಿ, 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರುಮಾಡಿತು. ನಮ್ಮ ಸರ್ಕಾರದ ಸ್ತ್ರೀಶಕ್ತಿ 2000ದಲ್ಲಿ ಬಂತು. ಈ ಸಂಘದಲ್ಲಿ ಬಡ್ಡಿ ಎಷ್ಟು, ವಾಯಿದೆ ಯಾವಾಗ ಅನ್ನುವುದನ್ನು ಸದಸ್ಯರೇ ತೀರ್ಮಾನಿಸುತ್ತಾರೆ, ಬಡ್ಡಿ ಅವರ ಪೆಟ್ಟಿಗೆಗೇ ಬೀಳುತ್ತದೆ. ಎರಡನೆಯ ಸಂಘ ಫೈನಾನ್ಸಿನವರು ಕಟ್ಟಿಸುವ ಸಾಲದ ಗುಂಪು. ಉಳಿತಾಯ ಇಲ್ಲ, ಪೆಟ್ಟಿಗೆ ಇಲ್ಲ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಅಷ್ಟೇ ಅದರ ಒಗ್ಗಟ್ಟು. ಮೊದಲನೆಯ ಸಂಘದಲ್ಲಿ ನೆರೆಮನೆಯವಳು ಆಸರೆ, ಎರಡನೆಯದರಲ್ಲಿ ನೆರೆಮನೆಯವಳೇ ವಸೂಲಿಯವಳು. ಇಷ್ಟು ದೂರದ ಎರಡು ವಸ್ತುಗಳಿಗೆ ಒಂದೇ ಹೆಸರು ಬಿದ್ದದ್ದು ಫೈನಾನ್ಸಿನವರ ಅದೃಷ್ಟ. ಸಂಘಕ್ಕಿದ್ದ ಮರ್ಯಾದೆಯನ್ನು ಅವರು ಬಿಟ್ಟಿಯಾಗಿ ಪಡೆದರು.

ಅಡವಿಲ್ಲದ ಸಾಲ ಎಂದು ಈ ಗುಂಪಿನ ಸಾಲವನ್ನು ಕರೆಯುತ್ತಾರೆ. ಕಾಗದದ ಮೇಲೆ ನಿಜ. ಹೊಲ, ಮನೆ, ಬಂಗಾರ ಯಾವುದೂ ಅಡವಿಲ್ಲ. ಐದು ಜನರ ಮುಂದೆ ತಲೆ ಎತ್ತಿ ನಿಲ್ಲುವ ಮಾನ ಮಾತ್ರ ಅಡವು.

ನಾನು ಬೇರೆಯವರತ್ತ ಬೆರಳು ಮಾಡುವ ಮೊದಲು ಒಂದು ತಪ್ಪೊಪ್ಪಿಗೆ. ನಾನು ಕೆಲಸಕ್ಕಿದ್ದ ಸೊಸೈಟಿಯ ಬಾಗಿಲ ಪಕ್ಕ ಒಂದು ಕರಿಹಲಗೆ ಇತ್ತು. ಮಾರ್ಚ್ ಬಂತೆಂದರೆ ಸುಸ್ತಿದಾರರ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದವನು ನಾನೇ. ನನ್ನ ಅಕ್ಷರ ಚೆನ್ನ ಎಂದು ಎಲ್ಲರೂ ಹೊಗಳುತ್ತಿದ್ದರು. ರೇಷನ್ನಿಗೆ ಬಂದ ಮಗುವೊಂದು ಹಲಗೆಯ ಮುಂದೆ ನಿಂತು, ಅಕ್ಷರ ಕೂಡಿಸಿ ಕೂಡಿಸಿ ಅಪ್ಪನ ಹೆಸರು ಓದಿ, ಚೀಲವನ್ನು ಅಲ್ಲೇ ಬಿಟ್ಟು ಓಡಿಹೋದ ದಿನ ನನಗೆ ನಾಚಿಕೆಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಚಿಕೆಯಾದದ್ದು ಹತ್ತು ವರ್ಷದ ಮೇಲೆ.

ಸೊನ್ನೆ ಬಡ್ಡಿಯ ಬಾಗಿಲಲ್ಲಿ ನಡೆಯುವ ಇನ್ನೊಂದು ವಿಷಯವನ್ನೂ ಹೇಳಬೇಕು. ವಾಯಿದೆಯೊಳಗೆ ಅಸಲು ಕಟ್ಟಿದರೆ ಸೊನ್ನೆ, ಒಂದು ದಿನ ತಪ್ಪಿದರೆ ಸುಸ್ತಿ, ಪೂರ್ತಿ ಬಡ್ಡಿ. ಲಕ್ಷ ರೂಪಾಯಿ ಕೈಯಲ್ಲಿಟ್ಟುಕೊಂಡು ಯಾರು ಬರುತ್ತಾರೆ? ವಾಯಿದೆಯ ದಿನ ಹೊರಗಿನ ಚಹಾದಂಗಡಿಯಲ್ಲಿ ಒಬ್ಬ ಕೂತಿರುತ್ತಾನೆ, ಬಗಲಲ್ಲಿ ಚೀಲ. ಅವನಿಂದ ಮೂರು ದಿನದ ಮಟ್ಟಿಗೆ ಕೈಗಡ ಪಡೆದು, ಹಳೆ ಸಾಲ ತೀರಿಸಿ, ಹೊಸ ಸಾಲ ಎತ್ತಿ, ಅವನಿಗೆ ಅಸಲಿನ ಜೊತೆ ಸಾವಿರವೋ ಎರಡು ಸಾವಿರವೋ ಕೊಟ್ಟು ಮನೆಗೆ. ಸರ್ಕಾರದ ಸೊನ್ನೆಗೂ ಹೀಗೆ ಒಂದು ಬಡ್ಡಿ ಉಂಟು. ನಮ್ಮ ಲೆಕ್ಕಪುಸ್ತಕದಲ್ಲಿ ಮಾತ್ರ ವಸೂಲಿ ನೂರಕ್ಕೆ ನೂರು.

ಬಡ್ಡಿಯ ಲೆಕ್ಕ ಗೊತ್ತಿಲ್ಲದೆ ಜನ ಮೋಸಹೋಗುತ್ತಾರೆ ಅನ್ನುತ್ತಾರೆ. ಪೂರ್ತಿ ಒಪ್ಪಲಾರೆ, ಆದರೂ ಒಂದು ಲೆಕ್ಕ ಬಿಡಿಸುತ್ತೇನೆ, ಮನೆಗೆ ಹೋಗಿ ಮಕ್ಕಳ ಕೈಲಿ ಮತ್ತೊಮ್ಮೆ ಮಾಡಿಸಿ. ವಾರದ ಬಡ್ಡಿಯವನು ಹತ್ತು ಸಾವಿರ ಸಾಲ ಎಂದು ಬರೆದುಕೊಂಡು ಸಾವಿರ ಹಿಡಿದು ಒಂಬತ್ತು ಸಾವಿರ ಕೈಗೆ ಕೊಡುತ್ತಾನೆ. ವಾರಕ್ಕೆ ಸಾವಿರದಂತೆ ಹತ್ತು ವಾರ. ನೂರಕ್ಕೆ ಹತ್ತೇ ಅಲ್ಲವೇ ಅಂತ ಕಾಣುತ್ತದೆ. ಆದರೆ ಒಂಬತ್ತು ಸಾವಿರವೂ ನಿಮ್ಮ ಕೈಯಲ್ಲಿ ಇದ್ದದ್ದು ಮೊದಲ ವಾರ ಮಾತ್ರ. ವಾರ ವಾರ ಕರಗಿ, ಸರಾಸರಿ ನಿಮ್ಮ ಬಳಿ ಇದ್ದದ್ದು ಐದು ಸಾವಿರದ ಒಳಗೆ. ಐದು ಸಾವಿರಕ್ಕೆ ಹತ್ತು ವಾರಕ್ಕೆ ಸಾವಿರ. ವರ್ಷದಲ್ಲಿ ಐವತ್ತೆರಡು ವಾರ. ಕೂಡಿದರೆ ವರ್ಷಕ್ಕೆ ನೂರಕ್ಕೆ ನೂರರ ಮೇಲೆ. ಕೈಗಡದ "ಐದು ರೂಪಾಯಿ ಬಡ್ಡಿ" ತಿಂಗಳಿಗೆ ನೂರಕ್ಕೆ ಐದು, ಅಂದರೆ ವರ್ಷಕ್ಕೆ ಅರವತ್ತು. ನಮ್ಮ ರಾಜ್ಯದಲ್ಲಿ ಲೇವಾದೇವಿಯವರು ಅಡವಿದ್ದ ಸಾಲಕ್ಕೆ ವರ್ಷಕ್ಕೆ 14, ಅಡವಿಲ್ಲದ್ದಕ್ಕೆ 16ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. 1961ರ ಲೇವಾದೇವಿ ಕಾಯ್ದೆ ಇದೆ, ಮೀಟರ್ ಬಡ್ಡಿಗೆ ಅಂತಲೇ 2004ರ ಇನ್ನೊಂದು ಕಾಯ್ದೆ ಇದೆ. ಇಷ್ಟು ಕೇಳಿದ ಒಬ್ಬ ಹಮಾಲಿ ನನ್ನನ್ನು ಕೇಳಿದ: "ಗೊತ್ತಾತು ಸಾರ್, ನೂರಕ್ಕೆ ನೂರು. ಈಗ ಮಗಳ ಆಸ್ಪತ್ರೆಗೆ ಒಂಬತ್ತು ಸಾವ್ರ ನೀವ್ ಕೊಡ್ತೀರಾ?" ಅದಕ್ಕೇ ಪೂರ್ತಿ ಒಪ್ಪಲಾರೆ ಅಂದದ್ದು.

ಆಸ್ಪತ್ರೆಯ ಮಾತು ಬಂತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ವೈದ್ಯರಿಗೆಲ್ಲ ಗೊತ್ತು. 1957ರಲ್ಲಿ ಮಂಗನ ಕಾಯಿಲೆ ಗುರುತಾದದ್ದು ಅಲ್ಲಿ. ಉಣುಗು ಕಚ್ಚಿ ಬರುವ ಈ ಜ್ವರ ಡಿಸೆಂಬರಿನಿಂದ ಮೇ ತಿಂಗಳ ನಡುವೆ, ಸೌದೆಗೆ, ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗುವವರನ್ನು ಹಿಡಿಯುತ್ತದೆ. ಚಿಕಿತ್ಸೆ ಸರ್ಕಾರದ್ದೇ ಆದರೂ ಜ್ವರ ಇಳಿದ ಮೇಲಿನ ನಿಶ್ಶಕ್ತಿ ವಾರಗಟ್ಟಲೆ ಇರುತ್ತದೆ. ಆ ವಾರಗಳು ಯಾವುವು? ಅಡಿಕೆ ಕೊಯ್ಲಿನ ವಾರಗಳು. ಬಡವರ ಕಾಯಿಲೆಯ ಖರ್ಚು ಔಷಧಿ ಅಂಗಡಿಯ ಚೀಟಿಯಲ್ಲಿ ಅರ್ಧ ಮಾತ್ರ ಇರುತ್ತದೆ, ಇನ್ನರ್ಧ ಕೂಲಿ ಹೋದ ದಿನಗಳಲ್ಲಿ. ಆಯುಷ್ಮಾನ್ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ಚಿಕಿತ್ಸೆ ಕೊಡುತ್ತದೆ, ದಯವಿಟ್ಟು ಮಾಡಿಸಿಟ್ಟುಕೊಳ್ಳಿ. ಹೋದ ಕೂಲಿಯನ್ನು ಅದು ತರುವುದಿಲ್ಲ, ಅದಕ್ಕೆ ವಾರದ ಬಡ್ಡಿಯವನೇ ಬರುತ್ತಾನೆ.

ದುಂದಿನ ಬಗ್ಗೆ ಹೇಳದಿದ್ದರೆ ನಾನು ಒಂದು ಕಡೆ ವಾಲಿದ ಹಾಗೆ. ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ ನಡೆಯುವ ಊರುಗಳಲ್ಲಿ ಜಾತ್ರೆಯ ನೆಂಟರ ಊಟಕ್ಕೆ ಎತ್ತಿದ ಸಾಲ ಮುಂದಿನ ಜಾತ್ರೆಯವರೆಗೂ ಉಳಿದದ್ದನ್ನು ಕಂಡಿದ್ದೇನೆ. ನಮ್ಮ ಕಡೆಯ ಹೋರಿ ಹಬ್ಬದಲ್ಲಿ ಕೊಬ್ಬರಿ ಕಟ್ಟಿ ಓಡಿಸುವ ಹೋರಿಗೆ ಮನೆಯ ಮಕ್ಕಳಿಗಿಂತ ಒಳ್ಳೆ ಮೇವು. ಕುವೆಂಪು ಸ್ವಂತ ಮಗ ತೇಜಸ್ವಿಗೇ ಮಂತ್ರಮಾಂಗಲ್ಯದ ಮದುವೆ ಮಾಡಿದರು ಎಂದು ಭಾಷಣ ಸ್ಪರ್ಧೆಯಲ್ಲಿ ಹೇಳಿ ಬಹುಮಾನ ಪಡೆದ ಹುಡುಗಿಯ ಮದುವೆಗೆ ಸಾವಿರದ ಇನ್ನೂರು ಲಗ್ನಪತ್ರಿಕೆ ಅಚ್ಚಾದವು, ನನಗೂ ಒಂದು ಬಂತು, ನಾನೂ ಉಂಡು ಬಂದೆ. ಆದರೆ ನಾನು ನೋಡಿದ ಮನೆಗಳಲ್ಲಿ ಮದುವೆ, ಜಾತ್ರೆಯ ಸಾಲ ಕೆಲವು ವರ್ಷಕ್ಕೊಮ್ಮೆ. ಜೂನ್ ತಿಂಗಳ ಸಾಲ ಪ್ರತಿ ವರ್ಷ. ಶಾಲೆಯ ಫೀಸು, ಬೀಜ ಗೊಬ್ಬರ, ಮಾಡಿಗೆ ತಾಡಪಾಲು, ಕೆಲಸ ಇಲ್ಲ, ನಾಲ್ಕೂ ಒಂದೇ ತಿಂಗಳು.

ಶುಂಠಿಯ ಸಾಲ ಬೇರೆ ಜಾತಿ. ಅದು ಸಾಲವಲ್ಲ, ಜೂಜು. 2023ರಲ್ಲಿ ಬೆಲೆ ಆಕಾಶಕ್ಕೇರಿದ್ದನ್ನು ನೋಡಿ, ಮುಂದಿನ ವರ್ಷ ಬೇರೆಯವರ ಗದ್ದೆ ಲಾವಣಿಗೆ ಹಿಡಿದು ಹಾಕಿದವರ ಪಾಡು ಈ ಸಭೆಯಲ್ಲೇ ಹಲವರಿಗೆ ಗೊತ್ತು. ಬೆಲೆ ಇಳಿಯಿತು, ಕೊಳೆ ಬಂತು. ಅದರ ಬಗ್ಗೆ ಇನ್ನೊಂದು ದತ್ತಿ ಬೇಕು.

ಈಗ ಕಾನೂನು. ಇದನ್ನು ನಿಧಾನ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. 2022ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ. ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯ ಇರುವ ಮನೆಗೆ ಅಡವಿಲ್ಲದೆ ಕೊಟ್ಟದ್ದು ಕಿರುಸಾಲ. ಆ ಮನೆಯ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬಡ್ಡಿ, ಶುಲ್ಕ ಎಲ್ಲವನ್ನೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕು. ಮೊದಲೇ ತೀರಿಸಿದರೆ ದಂಡವಿಲ್ಲ. ತಡವಾದರೆ ದಂಡ ಬಾಕಿಯಾದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ. ಆ ಜಾಗಕ್ಕೆ ನೀವು ಒಂದರ ಹಿಂದೆ ಒಂದು ಎರಡು ಸಲ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನು ಮಾಡುವಂತಿಲ್ಲ. ಬೈಗುಳ, ಬೆದರಿಕೆ, ನೆಂಟರಿಗೆ ಕಿರುಕುಳ ಕೂಡದು. ಸಾಲಗಾರರ ಹೆಸರನ್ನು ಪ್ರಕಟಿಸುವಂತಿಲ್ಲ. ನನ್ನ ಕರಿಹಲಗೆಯೊಂದು ಇವತ್ತು ಫೈನಾನ್ಸಿನವರ ಬಾಗಿಲಲ್ಲಿದ್ದರೆ ಅದು ನಿಯಮಭಂಗ.

ಇಷ್ಟು ಒಳ್ಳೆಯ ನಿಯಮ ಇದ್ದೂ ಆ ತಾಯಿಗೆ ಹನ್ನೆರಡು ಸಾವಿರ ಆದಾಯದ ಮೇಲೆ ಹತ್ತೂವರೆ ಸಾವಿರದ ಕಂತು ಹೇಗೆ ಬಿತ್ತು? ಆಕೆಯ ಅರ್ಜಿ ತೆಗೆಸಿ ನೋಡಿದೆ. ತಿಂಗಳ ಆದಾಯ 24,000 ಎಂದು ಬರೆದಿತ್ತು. ಎಂಥ ಚೆಂದದ ಅಂಕಿ! ವರ್ಷಕ್ಕೆ ಮೂರು ಲಕ್ಷ ದಾಟುವುದಿಲ್ಲ, ಅರ್ಧ ಮಾಡಿದರೆ ಕಂತು ಹೊಂದುತ್ತದೆ. ಬರೆದವರು ಯಾರು ಎಂದರೆ "ಮೀಟಿಂಗಿಗೆ ಬರೋ ಹುಡುಗ". ಅವನನ್ನೂ ಬೈಯಲು ನನಗೆ ಮನಸ್ಸಿಲ್ಲ. ಅವನಿಗೂ ತಿಂಗಳ ಗುರಿ ಇರುತ್ತದೆ, ಅವನ ಬೈಕಿನದೂ ಕಂತಿರುತ್ತದೆ. ಇನ್ನೊಂದು ತೂತು ನೋಡಿ. ಆ ನಿಯಮದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅತ್ತೆ ಸೊಸೆ ಒಂದೇ ಒಲೆಯಲ್ಲಿ ಬೇಯಿಸಿದರೂ ಎರಡು ಕುಟುಂಬ. ಅತ್ತೆಯ ಹೆಸರಲ್ಲಿ ಒಂದಷ್ಟು, ಸೊಸೆಯ ಹೆಸರಲ್ಲಿ ಒಂದಷ್ಟು, ಕಟ್ಟುವುದು ಒಂದೇ ಕೂಲಿಯಿಂದ. ಅದೂ ಮುಗಿದರೆ ಹೆಸರು ಕೊಡುವುದು: "ನಿನ್ನ ಹೆಸರಲ್ಲಿ ನಾನು ಎತ್ತಿಕೊಳ್ತೇನೆ, ನಾನೇ ಕಟ್ತೇನೆ ಅಕ್ಕಾ." ಕೈಮುಗಿದು ಹೇಳುತ್ತೇನೆ, ಅನ್ನ ಕೊಡಿ, ಅಕ್ಕಿ ಕೊಡಿ, ಹೆಸರು ಕೊಡಬೇಡಿ.

2025ರ ಜನವರಿಯಲ್ಲಿ ಏನಾಯಿತೆಂದು ನಿಮಗೆ ನೆನಪಿದೆ. ಫೈನಾನ್ಸಿನವರ ವಸೂಲಿಗೆ ಹೆದರಿ ಚಾಮರಾಜನಗರದ ಕಡೆ ಸಾಲಗಾರರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ನಮ್ಮ ಗಡಿಗೆ ತಾಗಿದ ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯವನ್ನೇ ಅಂಚೆಯಲ್ಲಿ ಸರ್ಕಾರಕ್ಕೆ ಕಳಿಸಿದರು. ಫೆಬ್ರವರಿ 12ರಂದು ಸುಗ್ರೀವಾಜ್ಞೆ ಬಂತು, ಮುಂದೆ ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಂದು ತಪ್ಪು ತಿಳಿವಳಿಕೆ ಊರೂರಲ್ಲಿ ಓಡಾಡುತ್ತಿದೆ, ಎಲ್ಲ ಸಾಲ ಮನ್ನಾ ಆಯಿತಂತೆ ಅಂತ. ಆಗಿಲ್ಲ. ನೋಂದಣಿ ಇಲ್ಲದ ಲೇವಾದೇವಿಯವರ ಸಾಲದ ಮಾತು ಅದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಯ ಸಾಲ ಹಾಗೇ ಇದೆ.

ಆಗ ಕೆಲವು ಹುಡುಗರು ನನ್ನ ಹತ್ತಿರ ಬಂದು, ಈಸೂರಿನವರು 1942ರಲ್ಲಿ ಕಂದಾಯ ಕೊಡುವುದಿಲ್ಲ ಅಂದಹಾಗೆ ನಾವೂ ಕಂತು ಕೊಡುವುದಿಲ್ಲ ಅನ್ನೋಣ ಎಂದರು. ಈಸೂರಿನ ಹೆಸರು ಕೇಳಿದರೆ ನನಗೂ ರೋಮ ಏಳುತ್ತದೆ. 1943ರಲ್ಲಿ ಗಲ್ಲಿಗೇರಿದ ಐವರು ಈ ತಾಲ್ಲೂಕಿನವರು. ಆದರೂ ಒಪ್ಪಲಿಲ್ಲ. ಕಂದಾಯ ನಿರಾಕರಿಸಿದಾಗ ಎದುರಿಗಿದ್ದದ್ದು ಸರ್ಕಾರ. ಗುಂಪಿನ ಸಾಲದಲ್ಲಿ ನಾನು ಕಂತು ನಿಲ್ಲಿಸಿದರೆ ಮೊದಲ ಪೆಟ್ಟು ಬೀಳುವುದು ಪಕ್ಕದ ಮನೆಯವಳಿಗೆ. ಸಾಲದ ವರದಿಯಲ್ಲಿ ಹೆಸರು ಕೆಟ್ಟರೆ ನಾಳೆ ಮಗನ ಓದಿನ ಸಾಲಕ್ಕೂ ಬ್ಯಾಂಕು ಬೆನ್ನು ತಿರುಗಿಸಬಹುದು. ಆಗ ಉಳಿಯುವವನು ಚಹಾದಂಗಡಿಯ ಚೀಲದವನು.

ಹಾಗಾದರೆ ಮಾಡುವುದೇನು ಎಂದು ಕೇಳುತ್ತೀರಿ. ನಾನು ಮನೆಗಳಲ್ಲಿ ಕೂತು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಮೊದಲ ದಿನ ಒಂದು ಇನ್ನೂರು ಪುಟದ ನೋಟು ಬುಕ್ಕು, ಗಂಡ ಹೆಂಡತಿ ಇಬ್ಬರೂ ಎದುರಿಗೆ. ಗಂಡನ ಕೈಗಡ ಹೆಂಡತಿಗೆ ಗೊತ್ತಿರುವುದಿಲ್ಲ, ಹೆಂಡತಿಯ ಮೂರನೆಯ ಸಂಘ ಗಂಡನಿಗೆ ಗೊತ್ತಿರುವುದಿಲ್ಲ. ಎರಡು ಗುಟ್ಟೂ ಒಂದೇ ಹಾಳೆಯ ಮೇಲೆ ಬಂದಾಗ ಅರ್ಧ ಗಂಟೆ ಜಗಳವಾಗುತ್ತದೆ, ನಾನು ಅಂಗಳಕ್ಕೆ ಹೋಗಿ ಎಲೆಯಡಿಕೆ ಹಾಕಿಕೊಂಡು ಬರುತ್ತೇನೆ. ಜಗಳ ಮುಗಿದ ಮೇಲೆಯೇ ಲೆಕ್ಕ. ಕಂತು ಕಟ್ಟಲು ಹೊಸ ಸಾಲ ಎತ್ತುವುದು ಆ ದಿನದಿಂದ ಬಂದ್. ವಾರದ ಬಡ್ಡಿ, ಐದು ರೂಪಾಯಿ ಬಡ್ಡಿ ಮೊದಲು ತೀರಬೇಕು, ಏಕೆಂದರೆ ಅವು ನಿದ್ದೆಯಲ್ಲೂ ಬೆಳೆಯುತ್ತವೆ. ತೀರಿಸಲು ದುಡ್ಡೆಲ್ಲಿ? ಇಲ್ಲಿ ನನ್ನ ಸಲಹೆ ಹೆಂಗಸರಿಗೆ ಸಿಟ್ಟು ತರಿಸುತ್ತದೆ. ಅಡವಿಟ್ಟ ಓಲೆಯನ್ನು ಬಿಡಿಸಿ ಮಾರಿ. ಐದು ವರ್ಷ ಬಡ್ಡಿ ಕಟ್ಟಿ ಬಿಡಿಸಿಕೊಳ್ಳಲಾಗದ ಬಂಗಾರ ನಮ್ಮದಲ್ಲ, ಬ್ಯಾಂಕಿನದು. ಈಗ ಬಂಗಾರದ ಬೆಲೆ ಏರಿದೆ ಅಂತ ಅದೇ ಓಲೆಯ ಮೇಲೆ ಇನ್ನಷ್ಟು ಸಾಲ ಕೊಡಲು ಕರೆಯುತ್ತಾರೆ. ಬೆಲೆ ಏರಿದಾಗ ಮಾರಬೇಕೇ ಹೊರತು ಸಾಲ ಏರಿಸಬಾರದು. ಒಬ್ಬ ತಾಯಿ ನನಗೆ, "ನಿಮ್ಮ ಮನೆಯವರದ್ದು ಮಾರ್ಸಿದೀರಾ?" ಎಂದು ಕೇಳಿದಳು. ಇಲ್ಲ ಎಂದೆ. ಆದರೂ ಸಲಹೆ ಹಿಂತೆಗೆದುಕೊಳ್ಳಲಿಲ್ಲ.

ಕಂತು ತಪ್ಪುವುದು ಖಚಿತ ಎಂದಾದರೆ ತಪ್ಪುವ ಮೊದಲೇ ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೊಡಿ, ಕಂತು ಸಣ್ಣದು ಮಾಡಿ, ಅವಧಿ ಉದ್ದ ಮಾಡಿ ಎಂದು. ಅಡಗಿಕೊಂಡವರಿಗೆ ಸಿಗದ ಗೌರವ ಎದುರಿಗೆ ಹೋದವರಿಗೆ ಸಿಕ್ಕದ್ದನ್ನು ನೋಡಿದ್ದೇನೆ, ಪ್ರತಿ ಸಲ ಅಲ್ಲ. ಬೆದರಿಕೆ ಇದ್ದರೆ ಪೊಲೀಸು, ಜೊತೆಗೆ ಕೋರ್ಟಿನ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ. ಫೋನು 15100. ಬೇಸರ ಮಿತಿ ಮೀರಿ, ಬದುಕೇ ಬೇಡ ಅನ್ನಿಸಿದರೆ ಟೆಲಿ ಮನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಹೇಳುವಾಗ ಗಂಡಸರ ಕಡೆ ನೋಡಿ ಹೇಳುತ್ತಿದ್ದೇನೆ. ಹೆಂಗಸರು ಅತ್ತು ಹಗುರಾಗುತ್ತಾರೆ, ನಮ್ಮವರು ಒಳಗೇ ಇಟ್ಟುಕೊಂಡು ತೋಟದ ಕಡೆ ಹೋಗುತ್ತಾರೆ.

ಗೃಹಲಕ್ಷ್ಮಿಯ ಎರಡು ಸಾವಿರ 2023ರ ಆಗಸ್ಟಿನಿಂದ ಬರುತ್ತಿದೆ. ಅದು ಯಾವ ಕಡೆ ಹೋಗುತ್ತದೆ ಎಂದು ಕೇಳಿದರೆ ಕ್ಯಾಲೆಂಡರ್ ತೋರಿಸುತ್ತಾರೆ. ನಾಚಿಕೆಪಡಬೇಕಾಗಿಲ್ಲ. ಆದರೆ ಮೂರು ಕಂತಿಗೆ ಹರಿದು ಹಂಚುವ ಬದಲು ಒಂದೇ ಸಾಲಕ್ಕೆ ಗುರಿಯಿಟ್ಟರೆ ಆ ಸಾಲದ ಸುತ್ತು ಬೇಗ ಅಳಿಸುತ್ತದೆ.

ಕೊನೆಗೆ ಮಂಗಳವಾರದ ಪ್ರಶ್ನೆಗೆ ಬರುತ್ತೇನೆ. ಸೊರಬದ ಕಡೆಯ ಒಂದು ಸ್ವಸಹಾಯ ಸಂಘ, ಹದಿನಾಲ್ಕು ಜನ, ಹೆಚ್ಚಿನವರು ಅಡಿಕೆ ಸುಲಿಯುವವರು, ನಾಲ್ಕು ವರ್ಷದ ಹಿಂದೆ ತಮ್ಮೊಳಗಿನ ಸಾಲಕ್ಕೆ ಹೊಸ ಪದ್ಧತಿ ಮಾಡಿಕೊಂಡಿತು. ಜೂನ್‌ನಿಂದ ಸೆಪ್ಟೆಂಬರ್ ಬಡ್ಡಿ ಮಾತ್ರ. ದೀಪಾವಳಿ ಕಳೆದ ಮೇಲೆ ಅಸಲು, ಡಿಸೆಂಬರ್‌ನಿಂದ ಮಾರ್ಚ್ ಹೆಚ್ಚು ಹೆಚ್ಚು. ನಾನು ಮೊದಲು ಒಪ್ಪಿರಲಿಲ್ಲ. ಮಳೆಗಾಲದಲ್ಲಿ ಬಿಟ್ಟ ದುಡ್ಡು ಬೇಸಿಗೆಯಲ್ಲಿ ಬರುವುದಿಲ್ಲ ಎಂದು ಸೊಸೈಟಿಯ ಬುದ್ಧಿ ಹೇಳಿತ್ತು. ಬಂತು. ಒಬ್ಬಳದು ಬಾಕಿಯಾಯಿತು, ಗಂಡ ತೀರಿಹೋಗಿದ್ದ. ಅವಳದನ್ನು ಮುಂದಿನ ಸುಗ್ಗಿಗೆ ತಳ್ಳಿದರು. ಠರಾವು ಮೂರೇ ಸಾಲು.

ಹದಿನಾಲ್ಕು ಹೆಂಗಸರು ಮೂರು ಸಾಲಿನ ಠರಾವಿನಲ್ಲಿ ಮಾಡಿದ್ದನ್ನು ನಮ್ಮ ಸೊಸೈಟಿಗಳೇಕೆ ಮಾಡಬಾರದು? ಪಹಣಿ ಇಲ್ಲದ ಕೂಲಿಯವರನ್ನೂ ಸದಸ್ಯರನ್ನಾಗಿ ಮಾಡಿ, ಸಣ್ಣ ಸಾಲ ಕೊಟ್ಟು, ಅಡಿಕೆ ಬೆಳೆಗಾರನಿಗಿರುವ ವಾಯಿದೆಯನ್ನೇ ಅಡಿಕೆ ಸುಲಿಯುವವಳಿಗೂ ಕೊಡಿ ಎಂದು ನಾನು ಇಲ್ಲಿ ಕೂತಿರುವ ಆಡಳಿತ ಮಂಡಳಿಗಳ ನಿರ್ದೇಶಕರನ್ನು ಕೇಳುತ್ತೇನೆ. ಮುಂದಿನ ಸಾಲಿನಲ್ಲಿ ಮೂರು ಜನ ಕಾಣುತ್ತಿದ್ದಾರೆ, ಒಬ್ಬರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ನಾವು ಹೆಮ್ಮೆಪಡುವ ಗದಗ ಸೀಮೆಯ ಕಣಗಿನಹಾಳದ ಸಂಘವನ್ನು ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ಸಾಹುಕಾರನ ಬಾಗಿಲಿಗೆ ಹೋಗುವವರನ್ನು ತಡೆಯಲಿಕ್ಕೆ. ಆ ಬಾಗಿಲಿಗೆ ಇವತ್ತು ಹೋಗುತ್ತಿರುವವರು ಯಾರು ಎಂದು ನೋಡಿ, ಬೈಲಾ ತಿದ್ದಿ. ತಿದ್ದುಪಡಿಯ ಕರಡು ನನ್ನ ಚೀಲದಲ್ಲಿದೆ.

ಗಂಟೆ ಐದೂವರೆ. ಸೊರಬದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ. ಸಾಲದ ಕಾರ್ಡು ತಂದಿರುವವರು ಆ ಮೂಲೆಯ ಬೆಂಚಿಗೆ ಬನ್ನಿ, ಒಬ್ಬೊಬ್ಬರದಾಗಿ ನೋಡೋಣ. ಗಂಡಂದಿರು ಬಂದಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ನಾನು ಎಲೆಯಡಿಕೆ ತಂದಿದ್ದೇನೆ.